ನಿಘಂಟಿನಿಂದ ಶುರು ಮಾಡಬೇಡಿ: ಹೊಸದೊಂದು ಭಾಷೆ ಕಟ್ಟುವ ಬಗೆ

ಹೊಸ ಭಾಷೆ ಕಟ್ಟಲು ಕೂತವರು ಸಾಮಾನ್ಯವಾಗಿ ಮೊದಲ ದಿನವೇ ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯುತ್ತಾರೆ. ಎಡಕ್ಕೆ ಕನ್ನಡ ಪದ, ಬಲಕ್ಕೆ ತಾವು ಹುಟ್ಟಿಸಿದ ಪದ. ನೀರು ಅಂದರೆ 'ಝೂಲ್', ಮನೆ ಅಂದರೆ 'ಕ್ರಾಥ್'. ಮುನ್ನೂರು ಪದ ಆಗುವಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಇಳಿಯದಿದ್ದರೂ 'ನಿನ್ನೆ ಮನೆಗೆ ಹೋಗಿದ್ದೆ' ಎಂದು ಬರೆಯಲು ಹೋದಾಗ ಬಣ್ಣ ಬಯಲಾಗುತ್ತದೆ: ಪದಗಳು ಕನ್ನಡದ ಸಾಲಿನಲ್ಲೇ ಕೂತಿವೆ, 'ಗೆ' ಇದ್ದ ಕಡೆ ಇನ್ನೊಂದು ಸದ್ದು ಅಂಟಿದೆ, 'ಹೋಗು' ಎಲ್ಲೆಲ್ಲಿ ಬರುತ್ತಿತ್ತೋ ಅಲ್ಲೆಲ್ಲ ಅದರ ಬದಲಿ ಬಂದಿದೆ. ಅದು ವೇಷ ಹಾಕಿದ ಕನ್ನಡ. ಗುಟ್ಟಿನ ಮಾತಿಗೆ ಸಾಕು, ಮಕ್ಕಳ ಕ-ಭಾಷೆಯೂ ಅಷ್ಟು ಕೆಲಸ ಮಾಡುತ್ತದೆ. ಭಾಷೆ ಅನ್ನಿಸಿಕೊಳ್ಳಲು ಬೇರೆಯೇ ಕೆಲಸ ಇದೆ, ಮತ್ತು ಅದರಲ್ಲಿ ಪದ ಹುಟ್ಟಿಸುವುದು ಕೊನೆಯ ಭಾಗ.

ಇಲ್ಲಿನ ವಿವರಣೆಗೆ 'ಕೆರುನ್' ಎಂಬ ಪುಟ್ಟ ಮಾದರಿ ಭಾಷೆಯೊಂದನ್ನು ಕಟ್ಟುತ್ತಾ ಹೋಗೋಣ. ನಿಮ್ಮದನ್ನು ಪಕ್ಕದಲ್ಲೇ ಕಟ್ಟಿಕೊಳ್ಳಿ.

ಯಾತಕ್ಕಾಗಿ ಎಂದು ಒಂದು ಸಾಲು

ಮೊದಲು ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆದಿಡಿ, ಮುಂದಿನ ಜಗಳಗಳನ್ನೆಲ್ಲ ಅದೇ ಬಗೆಹರಿಸುತ್ತದೆ. ಝಾಮೆನ್‌ಹಾಫ್ 1887ರಲ್ಲಿ ಎಸ್ಪೆರಾಂಟೊ ಹೊರತಂದಾಗ ಬೇರೆ ಬೇರೆ ನಾಡಿನವರು ಬೇಗ ಕಲಿಯಬೇಕು ಎಂಬುದು ಗುರಿ. ಆದ್ದರಿಂದ 16 ಮೂಲ ನಿಯಮ. ನಾಮಪದವೆಲ್ಲ 'ಒ'ಕಾರದಲ್ಲಿ, ಗುಣವಾಚಕವೆಲ್ಲ 'ಅ'ಕಾರದಲ್ಲಿ ಮುಗಿಯುತ್ತವೆ. 'ಬೋನ' ಒಳ್ಳೆಯದು, 'ಮಾಲ್‌ಬೋನ' ಕೆಟ್ಟದ್ದು. ಒಂದು 'ಮಾಲ್' ಕಲಿತರೆ ವಿರುದ್ಧಪದಗಳ ದೊಡ್ಡ ಪಟ್ಟಿಯನ್ನೇ ಬಾಯಿಪಾಠ ಮಾಡುವುದು ತಪ್ಪುತ್ತದೆ. ಮಾರ್ಕ್ ಒಕ್ರಾಂಡ್ ಕ್ಲಿಂಗನ್ ಕಟ್ಟಿದ್ದು ಸಿನಿಮಾದ ಅನ್ಯಗ್ರಹದವರಿಗೆ, ಹಾಗಾಗಿ ಕರ್ಮ ಮೊದಲು, ಕರ್ತೃ ಕೊನೆಗೆ ಬರುವ ಪದಕ್ರಮ ಆರಿಸಿಕೊಂಡರು. ಮನುಷ್ಯರ ಭಾಷೆಗಳಲ್ಲಿ ಅದು ಬೆರಳೆಣಿಕೆಯಷ್ಟು ಕಡೆ ಮಾತ್ರ ಇದೆ. ಸೋನ್ಯಾ ಲ್ಯಾಂಗ್ 2001ರಲ್ಲಿ ಮುಂದಿಟ್ಟ ಟೋಕಿ ಪೋನದಲ್ಲಿ 14 ಧ್ವನಿ, 120ರ ಆಸುಪಾಸು ಪದ. ಕಮ್ಮಿ ಇಟ್ಟುಕೊಂಡು ಎಷ್ಟು ದೂರ ಹೋಗಬಹುದು ಎಂದು ನೋಡುವುದೇ ಅಲ್ಲಿನ ಆಟ.

ಮೊದಲ ಸಲ ಕಟ್ಟುವವರಿಗೆ ಕಥಾಲೋಕದ ಜನರ ಭಾಷೆಯೇ ಒಳ್ಳೆಯದು. ಅಂಕುಡೊಂಕು ಅಲ್ಲಿ ದೋಷ ಅನ್ನಿಸುವುದಿಲ್ಲ. ಜಗತ್ತಿನ ವಸ್ತುಗಳನ್ನೆಲ್ಲ ವರ್ಗ, ಉಪವರ್ಗ ಮಾಡಿ ಅಕ್ಷರ ಹಂಚುವ 'ತಾತ್ವಿಕ' ಭಾಷೆಯ ಆಸೆ ಎಲ್ಲರಿಗೂ ಒಮ್ಮೆ ಹುಟ್ಟುತ್ತದೆ. ಜಾನ್ ವಿಲ್ಕಿನ್ಸ್ 1668ರಲ್ಲೇ ಅದನ್ನು ಪೂರ್ತಿಯಾಗಿ ಮಾಡಿ ನೋಡಿದ್ದಾನೆ. ಅದರ ತೊಡಕು ಹುಟ್ಟಿನಿಂದಲೇ ಬರುವಂಥದ್ದು. ಹತ್ತಿರದ ಅರ್ಥದ ಪದಗಳು ಒಂದಕ್ಷರದಲ್ಲಷ್ಟೇ ಬೇರೆ. ಒಂದಕ್ಷರ ತಪ್ಪಿ ಕೇಳಿಸಿದರೆ ಒಂದು ಧಾನ್ಯ ಹೋಗಿ ಇನ್ನೊಂದು ಧಾನ್ಯ ಆಗುತ್ತದೆ, ಸಂದರ್ಭ ನೋಡಿ ಸರಿಮಾಡಿಕೊಳ್ಳಲೂ ಆಗುವುದಿಲ್ಲ.

ಸದ್ದುಗಳ ಪಟ್ಟಿ

ಲೋಕದ ಭಾಷೆಗಳಲ್ಲಿ ವ್ಯಂಜನ ಸರಾಸರಿ 22ರ ಆಸುಪಾಸು. ಸ್ವರಗಳು, ಹ್ರಸ್ವ ದೀರ್ಘ ಲೆಕ್ಕಿಸದೆ, ಐದು ಇರುವುದೇ ಅತಿ ಸಾಮಾನ್ಯ. ಹೊಸಬರು 15ರಿಂದ 20 ಧ್ವನಿಯೊಳಗೆ ನಿಲ್ಲಿಸಿದರೆ ಒಳ್ಳೆಯದು.

ಕನ್ನಡ ಓದುವವರಿಗೆ ಇಲ್ಲಿ ಒಂದು ಲಾಭ ಇದೆ. ವರ್ಗೀಯ ವ್ಯಂಜನಗಳ ಪಟ್ಟಿಯೇ ಸಿದ್ಧ ನಕ್ಷೆ. ಅಡ್ಡಸಾಲು ಬಾಯಿಯೊಳಗಿನ ಜಾಗ, ಕಂಬಸಾಲು ಉಸಿರಿನ ಬಗೆ. ಇಷ್ಟವಾದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಬೇಡಿ. ಇಡೀ ಸಾಲನ್ನು ಉಳಿಸಿ ಇಲ್ಲವೇ ಅಳಿಸಿ. 'ಘ' ಇದೆ, 'ಭ' ಇದೆ, 'ಧ' ಮಾತ್ರ ಇಲ್ಲ ಅನ್ನುವ ಪಟ್ಟಿ ಎಲ್ಲಿಂದಲೋ ಉದುರಿ ಬಿದ್ದ ಹಾಗೆ ಕಾಣುತ್ತದೆ. ಭಾಷೆಗಳಲ್ಲಿ ಇಂಥ ಖಾಲಿ ಜಾಗಗಳು ಇರುತ್ತವೆ ನಿಜ, ಆದರೆ ಒಂದೋ ಎರಡೋ.

ಕೆರುನ್‌ನಲ್ಲಿ ಮಹಾಪ್ರಾಣದ ಕಂಬಸಾಲುಗಳನ್ನು ತೆಗೆದೆವು, ಗ-ದ-ಬ ಇರುವ ಸಾಲನ್ನೂ ತೆಗೆದೆವು, ಟವರ್ಗ ಚವರ್ಗ ಎರಡೂ ಇಲ್ಲ. ಉಳಿದದ್ದು ಪ ತ ಕ, ಮ ನ, ಸ ಹ, ಲ ರ, ವ ಯ. ಒಟ್ಟು 11. ಸ್ವರ ಅ ಇ ಉ ಎ ಒ, ಎಲ್ಲ ಹ್ರಸ್ವ. ಕನ್ನಡ ಲಿಪಿಯಲ್ಲಿಲ್ಲದ ಸದ್ದು ಬೇಕಾದರೆ ನುಕ್ತ ಹಾಕಿದ ಫ಼, ಜ಼ ಬಳಸಬಹುದು. ಅದಕ್ಕೂ ಆಚೆಯದಾದರೆ ಅಂತರರಾಷ್ಟ್ರೀಯ ಧ್ವನಿ ಲಿಪಿಯ ಚಾರ್ಟ್ ನೋಡಿ ಸಂಕೇತ ಬರೆದಿಡಿ, ಜೊತೆಗೆ ಫೋನಿನಲ್ಲಿ ಒಂದು ರೆಕಾರ್ಡಿಂಗ್. ಆರು ತಿಂಗಳ ಮೇಲೆ ಆ ಸಂಕೇತವನ್ನು ಹೇಗೆ ಉಚ್ಚರಿಸಿದ್ದಿರಿ ಎಂಬುದು ನೆನಪಿರುವುದಿಲ್ಲ.

ಧ್ವನಿಗಿಂತಲೂ ಭಾಷೆಗೆ ಮುಖಚಹರೆ ಕೊಡುವುದು ಅಕ್ಷರದ ಅಚ್ಚು, ಅಂದರೆ ಒಂದು ಉಚ್ಚಾರದಲ್ಲಿ (ಪದದೊಳಗೆ ಒಂದೇ ಏಟಿಗೆ ಹೊರಡುವ ತುಂಡಿನಲ್ಲಿ) ಏನೇನು ಸೇರಬಹುದು ಎಂಬ ನಿಯಮ. ಕೆರುನ್‌ನದು ಒಂದು ವ್ಯಂಜನ, ಒಂದು ಸ್ವರ, ಬೇಕಿದ್ದರೆ ಕೊನೆಗೆ ನ್ ಅಥವಾ ಲ್. ಲೆಕ್ಕ ಹಾಕಿ: 11 × 5 = 55; ಕೊನೆಯಲ್ಲಿ ಏನೂ ಇಲ್ಲದ್ದು, ನ್ ಇರುವುದು, ಲ್ ಇರುವುದು ಎಂದು ಮೂರು ಬಗೆಯಾದರೆ 165. ಎರಡು ಉಚ್ಚಾರದ ಪದಗಳೇ 165 × 165 = 27,225 ಸಾಧ್ಯ. ಇಷ್ಟು ಬಿಗಿಯಾದ ಅಚ್ಚಿನಲ್ಲೂ ಪದ ತೀರಿಹೋಗುವ ಭಯವಿಲ್ಲ. 'ಕ್ಷ್ರೊತ್ಗ್' ಥರದ ಕಗ್ಗಂಟುಗಳನ್ನು ಬಿಗಿ ತೋರಿಸಲು ಹಾಕುವವರಿದ್ದಾರೆ. ಬರೆದವರೇ ಮೂರು ಸಲ ಗಟ್ಟಿಯಾಗಿ ಹೇಳಲು ಆಗದ ಪದವನ್ನು ಹೊಡೆದುಹಾಕುವುದು ಮೇಲು.

ಎರಡು ತುಂಡು ಸೇರುವಲ್ಲಿ ಏನಾಗುತ್ತದೆ ಎಂದೂ ಈಗಲೇ ತೀರ್ಮಾನಿಸಿ. ಸಂಧಿ ಎಂದರೆ ನಮಗೆ ಹೊಸದೇನಲ್ಲ. ಕೆರುನ್‌ಗೆ ಎರಡೇ: ಸ್ವರಕ್ಕೆ ಸ್ವರ ತಾಗಿದರೆ ಮೊದಲನೆಯದು ಬಿದ್ದುಹೋಗುತ್ತದೆ, ಪ ಮುಂದೆ ಬಂದರೆ ನ್ ಎಂಬುದು ಮ್ ಆಗುತ್ತದೆ.

ಇನ್ನೊಂದು ತಪ್ಪು ಸದ್ದುಗಳನ್ನು ಸಮನಾಗಿ ಹಂಚುವುದು. ಯಾವ ಭಾಷೆಯಲ್ಲೂ ಎಲ್ಲ ಸ್ವರ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಚೀಟಿ ಬರೆದು ಎತ್ತುವುದು ಸುಲಭದ ಉಪಾಯ: ಅ ನಾಲ್ಕು ಚೀಟಿ, ಇ ಮೂರು, ಉ ಮೂರು, ಎ ಎರಡು, ಒ ಒಂದು. ವ್ಯಂಜನಕ್ಕೂ ಹಾಗೆಯೇ. ನೂರು ಪದ ಎತ್ತಿ, ಕಿವಿಗೆ ಹಿತವಾದ ಮೂವತ್ತನ್ನು ಇಟ್ಟುಕೊಳ್ಳಿ. ಇವಕ್ಕೆ ಇನ್ನೂ ಅರ್ಥ ಕೊಡಬೇಡಿ.

ಏನು ಹೇಳಲೇಬೇಕು?

ವ್ಯಾಕರಣ ಎಂದರೆ ಪ್ರತ್ಯಯಗಳ ಕೋಷ್ಟಕ ಎಂದುಕೊಂಡರೆ ಕೆಲಸ ಬೇಸರ ಹುಟ್ಟಿಸುತ್ತದೆ. ಬೇರೆ ರೀತಿ ಕೇಳಿಕೊಳ್ಳಿ: ಮಾತಾಡುವವರು ಬಯಸಲಿ ಬಿಡಲಿ, ಈ ಭಾಷೆ ಅವರಿಂದ ಏನನ್ನು ಹೇಳಿಸಿಯೇ ತೀರುತ್ತದೆ? ಕನ್ನಡದಲ್ಲಿ ಒಬ್ಬ ವ್ಯಕ್ತಿ ಬಂದ ಸುದ್ದಿ ಹೇಳಬೇಕಾದರೆ ಬಂದನು, ಬಂದಳು, ಬಂದರು ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಹೆಣ್ಣೋ ಗಂಡೋ, ಗೌರವ ಇದೆಯೋ ಇಲ್ಲವೋ ಎಂಬುದು ಕ್ರಿಯಾಪದದ ಬಾಲದಲ್ಲೇ ಬಂದುಬಿಡುತ್ತದೆ. ತಮಿಳು, ತೆಲುಗಿನಲ್ಲಿ 'ನಾವು' ಅನ್ನುವಾಗ ಕೇಳುವವರನ್ನು ಸೇರಿಸಿಕೊಂಡೋ ಬಿಟ್ಟೋ ಎಂಬುದಕ್ಕೆ ಎರಡು ಪದ ಇವೆ. ಕನ್ನಡಕ್ಕೆ ಒಂದೇ 'ನಾವು' ಸಾಕು. ಇಂಗ್ಲಿಷ್ ಪ್ರತಿ ನಾಮಪದದ ಮುಂದೆಯೂ ಗೊತ್ತಿರುವುದೋ ಗೊತ್ತಿಲ್ಲದ್ದೋ ಎಂದು ಕೇಳುತ್ತದೆ, ಕನ್ನಡ ಕೇಳುವುದಿಲ್ಲ.

ಆದ್ದರಿಂದ ಮೊದಲ ಅಭ್ಯಾಸ: ಕನ್ನಡ ಬಲವಂತವಾಗಿ ಹೇಳಿಸುವ ಎರಡು ಸಂಗತಿಯನ್ನು ಕೈಬಿಡಿ, ಕನ್ನಡ ಬಲವಂತ ಮಾಡದ ಎರಡನ್ನು ಕಡ್ಡಾಯ ಮಾಡಿ. ಈ ಒಂದು ಹೆಜ್ಜೆಯಿಂದ ವೇಷದ ಅರ್ಧಭಾಗ ಕಳಚುತ್ತದೆ.

ಕೆರುನ್ ಲಿಂಗವನ್ನೂ ಗೌರವವನ್ನೂ ಬಿಟ್ಟಿತು. ಅದರ ಜಾಗದಲ್ಲಿ, ಹೇಳುವವರಿಗೆ ವಿಷಯ ಹೇಗೆ ಗೊತ್ತಾಯಿತು ಎಂಬುದನ್ನು ಕಡ್ಡಾಯ ಮಾಡಿತು. 'ಬಂದನಂತೆ' ಅನ್ನುವ ಕನ್ನಡಿಗರಿಗೆ ಇದು ಅಪರಿಚಿತವಲ್ಲ, ಆದರೆ ನಮ್ಮ 'ಅಂತೆ' ಬೇಕಾದರೆ ಹಾಕುವಂಥದ್ದು. ಅಮೆಜಾನ್ ಸೀಮೆಯ ಟುಯುಕಾ ಭಾಷೆಯಲ್ಲಿ ಇಂಥವು ಐದು ಬಗೆ. ಕೆರುನ್‌ಗೆ ಮೂರು ಸಾಕು: ಕಂಡದ್ದಕ್ಕೆ -ಯೆ, ಕೇಳಿದ್ದಕ್ಕೆ -ನು, ಊಹಿಸಿದ್ದಕ್ಕೆ -ಸಿ. ಎರಡನೆಯ ಕಡ್ಡಾಯ ಎರಡು 'ನಾವು'. ಅದು ಸರಳ, ಬೆಳೆಸುವುದಿಲ್ಲ.

ಈಗ ಪದಕ್ರಮ. 1,376 ಭಾಷೆಗಳನ್ನು ಹೋಲಿಸಿದ ಪ್ರಸಿದ್ಧ ಭಾಷಾ ಅಟ್ಲಾಸ್ ಪ್ರಕಾರ ಸುಮಾರು 41% ಭಾಷೆಗಳಲ್ಲಿ ಕನ್ನಡದಂತೆ ಕರ್ತೃ-ಕರ್ಮ-ಕ್ರಿಯೆ, 35%ರಲ್ಲಿ ಇಂಗ್ಲಿಷಿನಂತೆ ಕರ್ತೃ-ಕ್ರಿಯೆ-ಕರ್ಮ, 7%ರಲ್ಲಿ ಕ್ರಿಯೆ-ಕರ್ತೃ-ಕರ್ಮ. ಇದನ್ನು ಆರಿಸಿದ ಮೇಲೆ ಉಳಿದ ಎಷ್ಟೋ ಆಯ್ಕೆಗಳು ತಾವಾಗಿಯೇ ಒಂದು ಕಡೆಗೆ ವಾಲುತ್ತವೆ ಎಂದು ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ತೋರಿಸಿದರು. ಕ್ರಿಯೆ ಕೊನೆಗೆ ಬರುವ ಭಾಷೆಯಲ್ಲಿ 'ಮರದ ಕೆಳಗೆ' ಎಂಬಂತೆ ಸಂಬಂಧ ತೋರಿಸುವ ಪದ ನಾಮಪದದ ಹಿಂದೆ ನಿಲ್ಲುತ್ತದೆ. ಕ್ರಿಯೆ ಮೊದಲು ಬರುವ ಭಾಷೆಯಲ್ಲಿ 'ಕೆಳಗೆ ಮರ' ಎಂಬಂತೆ ಮುಂದೆ ನಿಲ್ಲುತ್ತದೆ. ಹಠಕ್ಕೆ ಬೆರೆಸಿದರೂ ತಪ್ಪಲ್ಲ, ಆದರೆ ಬೆರೆಸುತ್ತಿದ್ದೇವೆಂದು ಗೊತ್ತಿರಬೇಕು. ಕೆರುನ್ ಕ್ರಿಯೆ ಮೊದಲಿಡುತ್ತದೆ, ಗುಣವಾಚಕವನ್ನು ನಾಮಪದದ ನಂತರ ಇಡುತ್ತದೆ.

ಇಲ್ಲಿ ಅರ್ಥ ಬೇಕಾಗುತ್ತದೆ. ಎತ್ತಿಟ್ಟುಕೊಂಡ ಚೀಟಿಗಳಿಂದ ಆರೇ ಪದ: ತಕು ಹಿಡಿ, ಪಿನ ಮಗು, ಕರಿನ್ ಮೀನು, ರೊನ್ ದೊಡ್ಡ, ಸೆಲು ನದಿ, ವೆ ಒಳಗೆ. ವಾಕ್ಯವನ್ನು ಯಾವಾಗಲೂ ಮೂರು ಸಾಲಿನಲ್ಲಿ ಬರೆಯಿರಿ. ಮೇಲೆ ಹೊಸ ಭಾಷೆ, ನಡುವೆ ತುಂಡು ತುಂಡಾಗಿ ಅರ್ಥ, ಕೆಳಗೆ ಸಹಜ ಕನ್ನಡ.

ತಕುಯೆ ಪಿನ ಕರಿನ್ ರೊನ್ ವೆ ಸೆಲು.
ಹಿಡಿ-ಕಂಡದ್ದು / ಮಗು / ಮೀನು / ದೊಡ್ಡ / ಒಳಗೆ / ನದಿ
ಮಗು ನದಿಯಲ್ಲಿ ದೊಡ್ಡ ಮೀನು ಹಿಡಿಯಿತು.

'ತಕುನು ಪಿನ…' ಎಂದರೆ ಹಿಡಿಯಿತಂತೆ. 'ತಕುಸಿ ಪಿನ…' ಎಂದರೆ ಹಿಡಿದಿರಬೇಕು. ಬುಟ್ಟಿ ಒದ್ದೆಯಾಗಿದೆ, ಹೇಳುವವರು ಊಹಿಸುತ್ತಿದ್ದಾರೆ. ನಡುವಿನ ಸಾಲು ಬರೆಯಲು ಸೋಮಾರಿತನ ಮಾಡಿದರೆ ಎರಡು ವಾರದ ಹಿಂದಿನ ನಿಮ್ಮ ವಾಕ್ಯವನ್ನು ನೀವೇ ಬಿಡಿಸಲಾರಿರಿ.

ಈ ಒಂದು ವಾಕ್ಯವನ್ನು ಹಿಂಡಿ ನೋಡೋಣ. ಕರ್ತೃವನ್ನು ಬಿಟ್ಟರೆ 'ತಕುಯೆ ಕರಿನ್' ಉಳಿಯುತ್ತದೆ. ಮೀನು ಹಿಡಿಯಿತೋ, ಯಾರೋ ಮೀನು ಹಿಡಿದರೋ? ಪದಕ್ರಮವನ್ನೇ ನಂಬಿಕೊಂಡ ಭಾಷೆಯಲ್ಲಿ ಒಂದು ಪದ ಬಿದ್ದ ಕೂಡಲೇ ಹೀಗಾಗುತ್ತದೆ. ಕನ್ನಡದಲ್ಲೂ 'ಹುಲಿ ಕೊಂದಿತು' ಎಂದರೆ ಎರಡೂ ಅರ್ಥ ಹೊರಡುತ್ತದೆ. 'ಹುಲಿಯನ್ನು' ಎಂದರೆ ಗೊಂದಲ ಮುಗಿಯಿತು. ಕೆರುನ್‌ಗೂ ಕರ್ಮದ ಮುಂದೆ 'ಲೆ' ಎಂಬ ಗುರುತು ಕೊಟ್ಟೆವು: ತಕುಯೆ ಲೆ ಕರಿನ್. ಇನ್ನು 'ವೆ ಸೆಲು' ಯಾವುದಕ್ಕೆ ಅಂಟಿದೆ? ಹಿಡಿದದ್ದು ನದಿಯಲ್ಲೋ, ಮೀನು ನದಿಯದ್ದೋ? ನಾಮಪದಕ್ಕೆ ವಿವರ ಅಂಟಿಸುವ ಕೊಂಡಿಪದ ಬೇಕು ಎಂದು ಆಗ ತಿಳಿಯುತ್ತದೆ. 'ಯೊ' ಇರಲಿ: ಕರಿನ್ ಯೊ ವೆ ಸೆಲು, ನದಿಯಲ್ಲಿರುವ ಮೀನು. ಅದೇ ಕೊಂಡಿಯಿಂದ 'ಮೀನು ಹಿಡಿದ ಮಗು' ಕೂಡ ಸಿಗುತ್ತದೆ: ಪಿನ ಯೊ ತಕುಯೆ ಲೆ ಕರಿನ್. ಒಂದು ತೊಂದರೆಗೆ ಹುಡುಕಿದ ಔಷಧಿ ಇನ್ನೊಂದಕ್ಕೂ ನಾಟಿದರೆ ಭಾಷೆ ಸರಿದಾರಿಯಲ್ಲಿದೆ.

ಕಡ್ಡಾಯ ಮಾಡಿದ ಸಂಗತಿಯೂ ಹೀಗೆಯೇ ಮರಿ ಹಾಕುತ್ತದೆ. ನಾಳೆ ನಡೆಯುವುದನ್ನು ಯಾರೂ ಕಂಡಿಲ್ಲ. ಹಾಗಾದರೆ ಭವಿಷ್ಯಕ್ಕೆಲ್ಲ -ಸಿ ಬಳಸಬೇಕೆ? ಬಳಸಿದರೆ ಭವಿಷ್ಯತ್ಕಾಲಕ್ಕೆ ಬೇರೆ ಪ್ರತ್ಯಯವೇ ಬೇಡ. ಪ್ರಶ್ನೆ ಕೇಳುವಾಗ ಯಾರ ತಿಳಿವು ಲೆಕ್ಕಕ್ಕೆ? ಇಂಥ ವ್ಯವಸ್ಥೆ ಇರುವ ಹಲವು ಭಾಷೆಗಳಲ್ಲಿ ಉತ್ತರಿಸುವವರದ್ದು. 'ತಕುಯೆ ಪಿನ?' ಎಂದರೆ 'ನೀನು ನೋಡಿದ ಹಾಗೆ, ಮಗು ಹಿಡಿಯಿತಾ?' ಎಂದಾಯಿತು. ಸುಳ್ಳು ಹೇಳುವವರು -ಯೆ ಹಾಕಿದರೆ? ಆ ಸಮಾಜದಲ್ಲಿ ಅದಕ್ಕೆ ಬೇರೆಯೇ ಬೈಗುಳ ಇರಬಹುದು. ಪಾತ್ರ, ಕಥೆ ಬರೆಯುವವರಿಗೆ ಈ ಜಾಗ ಚಿನ್ನದ ಗಣಿ.

ಮುಂದಿನ ವ್ಯಾಕರಣವನ್ನೆಲ್ಲ ಹೀಗೆ ವಾಕ್ಯಗಳಿಂದಲೇ ಹೊರಡಿಸಿ. ಕೆಳಗಿನವು ಒಂದೊಂದೂ ಒಂದೊಂದು ಬಾಗಿಲು ತಟ್ಟುತ್ತವೆ:

- ಮಗು ನಿದ್ದೆ ಮಾಡಲಿಲ್ಲ.
- ನೀನು ಯಾರನ್ನು ಹುಡುಕುತ್ತಿದ್ದೀಯ?
- ಒಳಗೆ ಬಾ, ಬಾಗಿಲು ಮುಚ್ಚಬೇಡ.
- ನನಗೆ ಇಬ್ಬರು ಅಕ್ಕಂದಿರು.
- ನನಗೆ ಹಸಿವಾಗಿದೆ.
- ಈ ಕಲ್ಲು ಆ ಕಲ್ಲಿಗಿಂತ ಭಾರ.
- ಮಳೆ ಬಂದರೆ ನಾವು ಹೊರಡುವುದಿಲ್ಲ.
- ಅವಳು ಬರುತ್ತೇನೆ ಅಂದಳು.
- ನಿನ್ನೆ ನೀನು ಕೊಟ್ಟ ಹಗ್ಗ ತುಂಡಾಯಿತು.
- ಅವನು ತನ್ನ ಮಗನನ್ನು ಹೊಳೆ ದಾಟಿಸಿದ.

ಅನುವಾದ ಮಾಡುವಾಗ ಕನ್ನಡ ಎಲ್ಲಿ ಮೆಲ್ಲಗೆ ನುಸುಳುತ್ತದೆ ನೋಡಿ. 'ನನಗೆ ಹಸಿವಾಗಿದೆ' ಎಂಬಲ್ಲಿ ಅನುಭವಿಸುವವರಿಗೆ ಚತುರ್ಥಿ ಹಾಕುವುದು ನಮಗೆ ಎಷ್ಟು ಸಹಜವೆಂದರೆ ಅದು ಒಂದು ಆಯ್ಕೆ ಎಂಬುದೇ ಮರೆತುಹೋಗುತ್ತದೆ. ಹಸಿವು ನನ್ನನ್ನು ಹಿಡಿಯಬಹುದು, ನಾನು ಹಸಿಯಬಹುದು, ಹಸಿವು ನನ್ನ ಮೇಲೆ ಕೂರಬಹುದು. ಇಬ್ಬರು ಅಕ್ಕಂದಿರು 'ಇರುವುದು' ನನಗೋ, ನನ್ನ ಜೊತೆಯೋ, ನನ್ನವರೋ? 'ದಾಟು' ಹೋಗಿ 'ದಾಟಿಸು' ಆಗುವುದು ಒಂದು 'ಇಸು' ಬಲದಿಂದ. ನಿಮ್ಮ ಭಾಷೆಗೆ ಅಂಥ ಸೌಕರ್ಯ ಇರಲೇಬೇಕೆಂದಿಲ್ಲ. ಪ್ರತಿ ವಾಕ್ಯಕ್ಕೆ ಎರಡು ಬೇರೆ ದಾರಿ ಬರೆದು, ಕನ್ನಡಕ್ಕೆ ದೂರದ್ದನ್ನು ಹತ್ತರಲ್ಲಿ ಆರು ಸಲವಾದರೂ ಆರಿಸಿ. ಹತ್ತಕ್ಕೆ ಹತ್ತು ಬೇಡ. ಹಠದಿಂದ ಎಲ್ಲವನ್ನೂ ತಿರುವುಮುರುವು ಮಾಡಿದ ಭಾಷೆ ಕನ್ನಡದ ಕನ್ನಡಿಬಿಂಬ ಆಗುತ್ತದೆ.

ಈಗ ಪದಗಳು

150 ಬೇರುಪದ, ಏಳೆಂಟು ಪ್ರತ್ಯಯ ಇದ್ದರೆ ಮೇಲಿನ ವಾಕ್ಯಗಳಿಗೂ ಒಂದು ಪುಟದ ಕಥೆಗೂ ಸಾಕು. ಭಾಷೆಗಳನ್ನು ಹೋಲಿಸಲು ಬಳಸುವ, ಸ್ವಾದೇಶ್ ಹೆಸರಿನ 207 ಮೂಲಭೂತ ಪದಗಳ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಅದನ್ನು ಮೇಲಿಂದ ಕೆಳಗೆ ತುಂಬಿಸುವುದು ಮಾತ್ರ ಬೇಡ. ಒಂದು ಪದಕ್ಕೆ ಒಂದು ಪದ ಎಂಬ ರೋಗ ಅಲ್ಲಿಂದಲೇ ಹತ್ತುವುದು. ಬಿಟ್ಟುಹೋದದ್ದೇನು ಎಂದು ಕೊನೆಗೆ ಪರೀಕ್ಷಿಸಲು ಬಳಸಿ.

ಅರ್ಥವನ್ನು ಬೇರೆ ರೀತಿ ಕತ್ತರಿಸುವುದು ಹೇಗೆ ಎಂಬುದಕ್ಕೆ ನಮ್ಮ 'ಹಾಕು' ನೋಡಿ. ಬಟ್ಟೆ ಹಾಕು, ಬೀಗ ಹಾಕು, ಸಹಿ ಹಾಕು, ಲೆಕ್ಕ ಹಾಕು, ಕೂಗು ಹಾಕು. ಹೊರಗಿನವರಿಗೆ ಇವು ಐದು ಬೇರೆ ಕೆಲಸ. ಹಿಂದಿಯ 'ಕಲ್' ನಿನ್ನೆಯೂ ಹೌದು, ನಾಳೆಯೂ ಹೌದು. ನಮ್ಮ 'ಕಾಲು' ತೊಡೆಯಿಂದ ಬೆರಳಿನವರೆಗೂ ಹರಡಿಕೊಂಡಿದೆ. ನಿಮ್ಮ ನಿಘಂಟಿನ ಪ್ರತಿ ಕ್ರಿಯಾಪದಕ್ಕೂ ಕಡೇಪಕ್ಷ ಎರಡು ಬಳಕೆ ಬರೆಯಿರಿ, ಅವೆರಡೂ ಕನ್ನಡದಲ್ಲಿ ಒಂದೇ ಪದವಾಗದಿರಲಿ. ಕೆರುನ್‌ನ 'ತಕು' ಮೀನು ಹಿಡಿಯುವುದಕ್ಕೂ ಮಾತು ಅರ್ಥವಾಗುವುದಕ್ಕೂ ಒಂದೇ. ಬಾಗಿಲು ಹಿಡಿದು ನಿಲ್ಲುವುದಕ್ಕೆ ಮಾತ್ರ ಅದು ಸಲ್ಲದು.

ಬಣ್ಣದ ಪದ ಕಮ್ಮಿ ಇಡುವುದಾದರೆ ಬರ್ಲಿನ್ ಮತ್ತು ಕೇ ಎಂಬ ಸಂಶೋಧಕರು 1969ರಲ್ಲಿ ಗುರುತಿಸಿದ ಕ್ರಮ ಅನುಕೂಲ: ಎರಡೇ ಇದ್ದರೆ ಕಪ್ಪು-ಬಿಳಿ, ಮೂರನೆಯದು ಕೆಂಪು, ಆಮೇಲೆ ಹಸಿರು ಅಥವಾ ಹಳದಿ, ನೀಲಿ ಇನ್ನೂ ತಡವಾಗಿ. ಎಣಿಕೆ ಹತ್ತರಲ್ಲೇ ನಡೆಯಬೇಕೆಂದಿಲ್ಲ. ಫ್ರೆಂಚರ 80 ಇವತ್ತಿಗೂ 'ನಾಲ್ಕು ಇಪ್ಪತ್ತು'. ಪ್ರತ್ಯಯ ಹಚ್ಚಿ ಪದ ಬೆಳೆಸುವುದು ಸುಲಭ: -ಮಿ ಮಾಡುವವರು, ತಕುಮಿ ಬೇಟೆಗಾರ, ಇನ್ನೊಂದು ಅರ್ಥದಲ್ಲಿ ಜಾಣ.

ಹಳೆಯದಾಗಿಸುವುದು

ಇಷ್ಟಾದ ಮೇಲೂ ಭಾಷೆ ಹೊಸ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತಿರುತ್ತದೆ. ಎಲ್ಲ ರೂಪವೂ ನೇರ, ಒಂದೂ ಸವೆದಿಲ್ಲ. ಕೆಲವರು ಆಗ ಅಪವಾದಗಳನ್ನು ಕೈಯಾರೆ ಎಸೆಯುತ್ತಾರೆ, ಐದು ಕ್ರಿಯಾಪದಕ್ಕೆ ವಿಚಿತ್ರ ರೂಪ ಕೊಡುತ್ತಾರೆ. ಅದು ಗೋಡೆಗೆ ಬಳಿದ ಬಿರುಕಿನ ಚಿತ್ರ ಇದ್ದಂತೆ. ನಿಜವಾದ ಬಿರುಕು ಬೇಕಾದರೆ ಗೋಡೆಯನ್ನು ಹಳೆಯದಾಗಿಸಬೇಕು.

ಕನ್ನಡವೇ ಒಳ್ಳೆಯ ಪಾಠ. ಹಳಗನ್ನಡದ ಪಾಲು, ಪುಲಿ, ಪಾವು, ಪತ್ತು ಇವತ್ತು ಹಾಲು, ಹುಲಿ, ಹಾವು, ಹತ್ತು. ಪದದ ಮೊದಲಿನ ಪ-ಕಾರ ಹ ಆಯಿತು. ಆದರೆ ಎಣಿಸಿ ನೋಡಿ: ಹತ್ತು, ಇಪ್ಪತ್ತು, ಮೂವತ್ತು, ಎಂಬತ್ತು. ಅದೇ 'ಪತ್ತು' ಒತ್ತಕ್ಷರದಲ್ಲಿ ಪ ಆಗಿಯೇ ಉಳಿಯಿತು, ಸ್ವರಗಳ ನಡುವೆ ವ ಆಯಿತು, ಅನುನಾಸಿಕದ ಪಕ್ಕ ಬ ಆಯಿತು. ಒಂದು ಪದ, ನಾಲ್ಕು ಮುಖ. ಯಾರೂ ಕೂತು ಅಪವಾದ ಬರೆಯಲಿಲ್ಲ, ಜಾಗ ನೋಡಿಕೊಂಡು ಸದ್ದು ಬದಲಾಯಿತು.

ಕೆರುನ್‌ಗೆ ಮೂರು ಬದಲಾವಣೆ ಕೊಡೋಣ, ಇದೇ ಅನುಕ್ರಮದಲ್ಲಿ. ಒಂದು, ಇ ಅಥವಾ ಎ ಬಂದರೆ ಅದರ ಹಿಂದಿನ ಕ-ಕಾರ ಚ ಆಗುತ್ತದೆ. ಎರಡು, ಸ್ವರಗಳ ನಡುವಿನ ಪ ಎಂಬುದು ವ ಆಗುತ್ತದೆ. ಮೂರು, ಒಂದಕ್ಕಿಂತ ಹೆಚ್ಚು ಉಚ್ಚಾರ ಇರುವ ಪದದ ಕೊನೆಯ ಇ, ಉ ಉದುರುತ್ತವೆ.

ತಕಿ (ಕೈ) → ತಚಿ → ತಚ್
ಸೊಪು (ಮರ) → ಸೊವು → ಸೊವ್
ಲೊಕು (ಕಲ್ಲು) → ಲೊಕ್
ಲೊಕಿನ್ (ಲೊಕು + ಇನ್, ಕಲ್ಲಿನ) → ಲೊಚಿನ್

ಕಲ್ಲು 'ಲೊಕ್', ಕಲ್ಲಿನ 'ಲೊಚಿನ್'. ಹೊರಗಿನಿಂದ ಕಲಿಯುವವರಿಗೆ ಇದು ಅಪವಾದ, ಒಳಗೆ ಎಲ್ಲಕ್ಕೂ ಕಾರಣವಿದೆ. ಅನುಕ್ರಮ ತಪ್ಪಿಸಿ ನೋಡಿ: ಮೂರನೆಯದನ್ನು ಮೊದಲು ಮಾಡಿದರೆ ತಕಿ ನೇರ ತಕ್ ಆಗಿಬಿಡುತ್ತದೆ, ಚ ಹುಟ್ಟುವುದೇ ಇಲ್ಲ, ಸೊಪು ಕೂಡ ಸೊಪ್ ಆಗಿ ನಿಲ್ಲುತ್ತದೆ. ಹಾಗಾಗಿ ಪ್ರತಿ ಬದಲಾವಣೆಗೂ ಕ್ರಮಸಂಖ್ಯೆ ಹಾಕಿ. ಅಂದಹಾಗೆ ಮೊದಲ ನಿಯಮ ಭಾಷೆಯ ಹೆಸರನ್ನೂ ಬಿಡುವುದಿಲ್ಲ: ಮೊಮ್ಮಕ್ಕಳ ಬಾಯಲ್ಲಿ ಕೆರುನ್ 'ಚೆರುನ್' ಆಗಿರುತ್ತದೆ. ಇದೇ ಬದಲಾವಣೆಯಿಂದ ನಮ್ಮ 'ಕಿವಿ' ತೆಲುಗಿನಲ್ಲಿ 'ಚೆವಿ', ತಮಿಳಿನಲ್ಲಿ 'ಸೆವಿ'; ಈ ಮೂರರಲ್ಲಿ ಕನ್ನಡ ಮಾತ್ರ ಕ ಬಿಟ್ಟುಕೊಡಲಿಲ್ಲ. ಒಂದೇ ಮೂಲಕ್ಕೆ ಬೇರೆ ಬೇರೆ ನಿಯಮ ಹಚ್ಚಿದರೆ ಅಕ್ಕತಂಗಿ ಭಾಷೆಗಳು ಸಿಗುತ್ತವೆ. ಕಾದಂಬರಿಕಾರ ಟೋಲ್ಕಿನ್ ತನ್ನ ಕಥಾಲೋಕದ ಕ್ವೆನ್ಯ, ಸಿಂಡರಿನ್ ಭಾಷೆಗಳೆರಡನ್ನೂ ಹೀಗೆ ಒಂದು ಕಲ್ಪಿತ ಮೂಲದಿಂದಲೇ ಇಳಿಸಿದ್ದು.

ಐದರಿಂದ ಎಂಟು ಬದಲಾವಣೆ ಸಾಕು. ಹದಿನೈದಾದರೆ ಪದಗಳೆಲ್ಲ ಸವೆದು ಒಂದರ ಮೇಲೊಂದು ಕೂರುತ್ತವೆ. ಸೆಲು, ಸೆಲಿ ಎರಡೂ ಇದ್ದರೆ ಎರಡೂ 'ಸೆಲ್'. ನಾಲ್ಕಾರು ಜೋಡಿ ಹೀಗಾದರೆ ಸೊಗಸು, ಶ್ಲೇಷೆಗೂ ಆಯಿತು. ವಿಭಕ್ತಿ, ಕ್ರಿಯಾರೂಪಗಳೇ ಕೂಡಿಕೊಂಡರೆ ವ್ಯಾಕರಣ ಕುಸಿಯುತ್ತದೆ. ಆದ್ದರಿಂದ ಪ್ರತ್ಯಯಗಳ ಮೇಲೆ ನಿಯಮ ಓಡಿಸಿ ಮೊದಲು ನೋಡಿ: ತಕುಯೆ, ತಕುನ್, ತಕುಸ್, ಮೂರೂ ಬೇರೆಯಾಗಿಯೇ ಉಳಿದಿವೆ, ಅಪಾಯವಿಲ್ಲ. ನೂರಾರು ಪದಕ್ಕೆ ಕೈಯಿಂದ ಮಾಡುವುದು ಬೇಡ. ಲೆಕ್ಸರ್ಜಿ, ಎಸ್‌ಸಿಎ2 ಎಂಬ ಉಚಿತ ಸಾಧನಗಳಿಗೆ ನಿಯಮವನ್ನೂ ಪದಪಟ್ಟಿಯನ್ನೂ ಕೊಟ್ಟರೆ ಕ್ಷಣದಲ್ಲಿ ಮಾಡಿಕೊಡುತ್ತವೆ.

ಲಿಪಿಯ ಬಗ್ಗೆ ಎರಡು ಮಾತು

ಅವಸರ ಬೇಡ. ಸದ್ದುಗಳ ಪಟ್ಟಿ ಬದಲಾಗುತ್ತಿರುವಾಗಲೇ ಲಿಪಿ ಬರೆದವರು ಮೂರು ಸಲ ಬರೆಯುತ್ತಾರೆ. ಕೆರುನ್‌ಗೆ ಬಿಡಿ ಅಕ್ಷರಮಾಲೆಯಾದರೆ 16 ಗುರುತು. ಕನ್ನಡದ ಥರ ಗುಣಿತವಾದರೆ 11 ಮೂಲಾಕ್ಷರ, ನಾಲ್ಕು ಸ್ವರಚಿಹ್ನೆ, ಒಂದು ಹಲಂತ, ಅದೂ 16. ಗುಣಿತಾಕ್ಷರಕ್ಕೊಂದರಂತೆ ಬೇರೆ ಬೇರೆ ಗುರುತಾದರೆ 55, ಜೊತೆಗೆ ನ್, ಲ್. ಅಕ್ಷರದ ಆಕಾರವನ್ನು ಸಾಧನವೇ ಹೇಳಲಿ. ಕಲ್ಲಿನಲ್ಲಿ ಉಳಿಗೆ ನೇರ ಗೆರೆ ಸುಲಭ, ಒಣಗಿದ ತಾಳೆಗರಿಯ ಮೇಲೆ ಲೋಹದ ಮೊನೆಯಿಂದ ಎಳೆಗುಂಟ ನೇರ ಗೀರಿದರೆ ಸೀಳುತ್ತದೆ. ಕಂಪ್ಯೂಟರಿಗೆ ತರುವುದಾದರೆ ಫಾಂಟ್‌ಫೋರ್ಜ್‌ನಲ್ಲಿ ಅಕ್ಷರ ಬಿಡಿಸಿ, ಯೂನಿಕೋಡ್‌ನಲ್ಲಿ ಖಾಸಗಿ ಬಳಕೆಗೆಂದು ಬಿಟ್ಟಿರುವ 6,400 ಸ್ಥಾನಗಳಲ್ಲಿ ಕೂರಿಸಿ. ಕನ್ನಡ ಅಕ್ಷರಗಳ ಸ್ಥಾನದಲ್ಲೇ ಕೂರಿಸಿದರೆ ಫಾಂಟ್ ಇಲ್ಲದ ಕಡೆ ನಿಮ್ಮ ಬರಹ ಅರ್ಥವಿಲ್ಲದ ಕನ್ನಡವಾಗಿ ಕಾಣುತ್ತದೆ.

ಕಡತ, ಆಮೇಲೆ ಪರೀಕ್ಷೆ

ಸ್ಪ್ರೆಡ್‌ಶೀಟ್ ಒಂದು ತೆರೆದು ಏಳು ಅಂಕಣ ಮಾಡಿ: ಪದ, ಹಳೆಯ ರೂಪ, ಉಚ್ಚಾರ, ವ್ಯಾಕರಣ ವರ್ಗ, ಅರ್ಥಗಳು, ಬಳಕೆಯ ವಾಕ್ಯ, ಸೇರಿಸಿದ ದಿನಾಂಕ. ಬಳಕೆಯ ವಾಕ್ಯ ಇಲ್ಲದ ಪದಕ್ಕೆ ಪ್ರವೇಶವಿಲ್ಲ ಎಂದು ಕಟ್ಟುನಿಟ್ಟಾಗಿರಿ. ದಿನಕ್ಕೆ ಐದು ಪದ ಮೀರಬೇಡಿ. ಒಂದೇ ರಾತ್ರಿ ಎಪ್ಪತ್ತು ಹುಟ್ಟಿಸಿದರೆ ಅವೆಲ್ಲ ಒಂದೇ ಅಚ್ಚಿನವು, ಒಂದನ್ನು ಕಂಡರೆ ಇನ್ನೊಂದರ ನೆನಪು. ಪಾಲಿಗ್ಲಾಟ್ ಎಂಬ ಉಚಿತ ತಂತ್ರಾಂಶ ಇದೇ ಕೆಲಸಕ್ಕೆಂದು ಇದೆ, ಆದರೆ ಮೊದಲ 150 ಪದಕ್ಕೆ ಅದರ ಅಗತ್ಯ ಬೀಳುವುದಿಲ್ಲ. ವ್ಯಾಕರಣದ ಕಡತದಲ್ಲಿ ನಿಯಮ ಬದಲಿಸಿದಾಗ ಹಳೆಯದನ್ನು ಅಳಿಸದೆ ಗೆರೆ ಹೊಡೆದು ಪಕ್ಕದಲ್ಲಿ ಕಾರಣ ಬರೆಯಿರಿ. ಕೈಬಿಟ್ಟ ನಿಯಮ ಆಮೇಲೆ 'ಹಳೆಯ ಕಾವ್ಯಭಾಷೆ' ಆಗಿ ಉಪಯೋಗಕ್ಕೆ ಬರುವುದುಂಟು.

ಭಾಷೆ ನಿಂತಿದೆಯೇ ಎಂದು ನೋಡಲು ಎಲ್ಲರಿಗೂ ಗೊತ್ತಿರುವ ಚಿಕ್ಕ ಕಥೆ ಬೇಕು. ಗಾಳಿ ಮತ್ತು ಸೂರ್ಯ ತಮ್ಮಲ್ಲಿ ಯಾರು ಬಲಶಾಲಿ ಎಂದು ವಾದಿಸಿ ದಾರಿಹೋಕನ ಮೇಲುಡುಗೆ ತೆಗೆಸಲು ಹೋಗುವ ಈಸೋಪನ ಕಥೆ ಇದಕ್ಕೆ ಹೇಳಿ ಮಾಡಿಸಿದ್ದು. ಧ್ವನಿಲಿಪಿಯ ಮಾದರಿಗೆ ಧ್ವನಿಶಾಸ್ತ್ರಜ್ಞರು ಬಹುಕಾಲದಿಂದ ಬಳಸುವುದೂ ಇದನ್ನೇ. ಹೋಲಿಕೆ, 'ಎಷ್ಟೆಷ್ಟೋ ಅಷ್ಟಷ್ಟು', 'ಆಗ', 'ಕೊನೆಗೆ', ಮಾಡಿಸುವ ಕ್ರಿಯೆ, ಇವೆಲ್ಲ ಐದಾರು ವಾಕ್ಯದಲ್ಲೇ ಎದುರಾಗುತ್ತವೆ. ಅನುವಾದಿಸಿ, ಒಂದು ವಾರ ಮುಚ್ಚಿಡಿ. ಆಮೇಲೆ ಕನ್ನಡ ಮೂಲ ನೋಡದೆ ನಿಮ್ಮ ಭಾಷೆಯಿಂದ ವಾಪಸ್ ಕನ್ನಡಕ್ಕೆ ತನ್ನಿ. ಎಲ್ಲಿ ತಡವರಿಸಿದಿರೋ ಅಲ್ಲಿ ವ್ಯಾಕರಣದಲ್ಲಿ ತೂತಿದೆ. ಎಲ್ಲೂ ತಡವರಿಸದಿದ್ದರೆ ಇನ್ನೂ ಅನುಮಾನ ಪಡಿ: ಬಹುಶಃ ಪದಕ್ಕೆ ಪದ ಇಟ್ಟು ಕನ್ನಡವನ್ನೇ ಓದುತ್ತಿದ್ದೀರಿ.

ಇನ್ನೂ ಕಠಿಣ ಪರೀಕ್ಷೆ ಬೇಕಾದವರು ಭಾಷೆ ಕಟ್ಟುವವರ ನಡುವೆ ನಡೆಯುವ ರಿಲೇ ಆಟಕ್ಕೆ ಸೇರಬಹುದು. ಒಬ್ಬರು ತಮ್ಮ ಭಾಷೆಯಲ್ಲಿ ಹತ್ತು ಸಾಲು ಬರೆದು, ಬೇಕಾದಷ್ಟೇ ಪದಕೋಶ ಮತ್ತು ವ್ಯಾಕರಣ ಟಿಪ್ಪಣಿ ಜೊತೆಗಿಟ್ಟು ಮುಂದಿನವರಿಗೆ ಕೊಡುತ್ತಾರೆ. ಅವರು ಅದನ್ನು ಬಿಡಿಸಿ ತಮ್ಮ ಭಾಷೆಗೆ ತಂದು ಇನ್ನೊಬ್ಬರಿಗೆ. ಕನ್ನಡ, ಇಂಗ್ಲಿಷ್ ಅನುವಾದ ಕೊಡುವಂತಿಲ್ಲ. ಹೊಸಬರು ಎಡವುವುದು ಯಾವಾಗಲೂ ಒಂದೇ ಕಡೆ. ಟಿಪ್ಪಣಿಯಲ್ಲಿ 'ತಕು: ಹಿಡಿ' ಎಂದಷ್ಟೇ ಬರೆದಿರುತ್ತಾರೆ, ಅದಕ್ಕೆ 'ಅರ್ಥವಾಗು' ಎಂಬ ಇನ್ನೊಂದು ಬಳಕೆ ಇರುವುದು ಅವರ ತಲೆಯಲ್ಲೇ ಉಳಿದಿರುತ್ತದೆ. ನಾಲ್ಕು ಕೈ ದಾಟುವಷ್ಟರಲ್ಲಿ, ಮಗುವಿಗೆ ಅರ್ಥವಾದ ಮಾತು ಬಲೆಗೆ ಬಿದ್ದ ಮೀನಾಗಿರುತ್ತದೆ.